ಬೆಳೆಯುವ ಮನೆಗಳ ಶಿಲ್ಪಿ

ಅಹಮದಾಬಾದ್ ನಗರಕ್ಕೆ ನಾವು ಹೊರಟುದು ಕಟ್ಟಡಗಳನ್ನು ನೋಡುವುದಕ್ಕಲ್ಲ; ಓಲೆಗರಿಗಳನ್ನು ನೋಡುವುದಕ್ಕೆ. ಎಳವೆಯಲ್ಲಿಯೇ ಮಠದ ಪಾಠಶಾಲೆಯನ್ನು ಸೇರಿ, ತಾಡವೋಲೆಯ ಕಟ್ಟುಗಳ ನಡುವೆಯೇ ಆಯುಷ್ಯದ ಬಹುಭಾಗವನ್ನು ಕಳೆದ ನಮಗೆ, ಅಲ್ಲಿಯ ಲಾಲಭಾಯಿ ದಲಪತಭಾಯಿ ಭಾರತೀಯ ಸಂಸ್ಕೃತಿ ವಿದ್ಯಾಮಂದಿರದ ಹಸ್ತಪ್ರತಿ ಭಂಡಾರವನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕೆಂಬ ಹಂಬಲ ಬಹುಕಾಲದ್ದು. ಜೈನ ಮುನಿಗಳಾದ ಪುಣ್ಯವಿಜಯಜೀ ಅವರು ತಾವು ಕೂಡಿಸಿದ ಅಮೂಲ್ಯ ಹಸ್ತಪ್ರತಿಗಳನ್ನು ಧಾರೆಯೆರೆದು, ಗಿರಣಿಯ ಒಡೆಯರಾದ ಕಸ್ತೂರಭಾಯಿ ಲಾಲಭಾಯಿ ಅವರು ಧನಸಹಾಯವಿತ್ತು, ಪಂಡಿತ ದಲಸುಖ ಮಾಲವಣಿಯಾ ಅವರು ನಿರ್ದೇಶಕರಾಗಿ ದುಡಿದು ಬೆಳೆಸಿದ ಸಂಸ್ಥೆಯದು. ಕಳೆದ ಮಾಘಮಾಸದಲ್ಲಿ ಆ ಯೋಗ ಕೂಡಿಬಂದಿತು.

ನಮ್ಮ ಕೈಚೀಲದಲ್ಲಿ ಇನ್ನೊಂದು ವಸ್ತುವೂ ಇತ್ತು. ನಾವು ಬಾಲ್ಯದಲ್ಲಿ ಅನ್ನವನ್ನುಂಡು ಅಕ್ಷರ ಕಲಿತ ಉಚಿತ ವಿದ್ಯಾರ್ಥಿನಿಲಯಕ್ಕೆ ಎರಡನೆಯ ಕಟ್ಟಡವನ್ನು ಎಬ್ಬಿಸಬೇಕೆಂದು ಹಿರಿಯರು ನಿಶ್ಚಯಿಸಿದ್ದರು. ಕಟ್ಟಡ ಸಮಿತಿಯಲ್ಲಿ ನಾವೂ ಒಬ್ಬರು. ನಕ್ಷೆ ಸಿದ್ಧವಾಗಿತ್ತು, ಉಳಿದವರೆಲ್ಲರ ಸಹಿಯೂ ಆಗಿತ್ತು. ಪ್ರವಾಸದಿಂದ ಮರಳಿದೊಡನೆ ನಮ್ಮ ಸಹಿಯೊಂದನ್ನು ಹಾಕಿ ಕೊಡಬೇಕಾಗಿತ್ತು. ನಮ್ಮೊಡನೆ ಬಂದಿದ್ದ ಶಿಷ್ಯನು ಕಟ್ಟಡದ ಇಂಜಿನಿಯರನಾದುದರಿಂದ, ದಾರಿಯಲ್ಲಿ ಅವನಿಗೊಮ್ಮೆ ತೋರಿಸಿದರಾಯಿತೆಂದು ಅದನ್ನು ಜೊತೆಗೆ ತಂದಿದ್ದೆವು. ಆ ನಕ್ಷೆಯೇ ಈ ಲೇಖನಕ್ಕೆ ಕಾರಣವಾಗುವುದೆಂದು ಆಗ ನಾವು ಎಣಿಸಿರಲಿಲ್ಲ.

ಓಲೆಗರಿಗಳಿಗೊಂದು ಮನೆ

ವಿದ್ಯಾಮಂದಿರದ ಎದುರು ನಿಂತಾಗ ನಮಗೆ ಮೊದಲು ಕಂಡುದು ಆಡಂಬರವಿಲ್ಲದ ಒಂದು ಉದ್ದನೆಯ ಕಟ್ಟಡ. ಬಣ್ಣವಿಲ್ಲ, ಗೋಪುರವಿಲ್ಲ, ಕಣ್ಣು ಕೋರೈಸುವ ಗಾಜಿಲ್ಲ. ಕಟ್ಟಡದ ಉದ್ದಕ್ಕೂ ಒಂದು ಪಡಸಾಲೆ. ಅದರ ಮೇಲೆ ಆಳವಾಗಿ ಚಾಚಿದ ನೆರಳು. ಕೆಳಗಿನ ಅಂತಸ್ತು ಅರ್ಧ ನೆಲದೊಳಗೆ ಹುದುಗಿದೆ. ಬಿಸಿಲಿನಿಂದ ಒಳಗೆ ಅಡಿಯಿಟ್ಟರೆ ನಮ್ಮ ಕಡೆಯ ಹಳೆಯ ಮಾಳಿಗೆ ಮನೆಯನ್ನು ಹೊಕ್ಕ ಅನುಭವ. ಓಲೆಗರಿಗೆ ಎರಡು ಶತ್ರುಗಳು. ಅತಿಯಾದ ಬಿಸಿಲು ಒಂದು, ಅತಿಯಾದ ಪಸೆ ಇನ್ನೊಂದು. ಬಿಸಿಲು ಹೊಡೆದರೆ ಗರಿ ಸೆಟೆದು ಮುರಿಯುತ್ತದೆ. ಪಸೆ ಹಿಡಿದರೆ ಹುಳು ಬೀಳುತ್ತದೆ. ಈ ಕಟ್ಟಡವನ್ನು ಕಲ್ಪಿಸಿದವನು ಆ ಎರಡನ್ನೂ ಬಲ್ಲವನಾಗಿದ್ದನೆಂಬುದು ನಮ್ಮಂಥವರಿಗೆ ಕೂಡಲೇ ತಿಳಿಯುತ್ತದೆ.

“ಇದನ್ನು ಕಟ್ಟಿದವರು ಯಾರು?” ಎಂದು ಕೇಳಿದೆವು.

“ದೋಶಿಯವರು, ಗುರುಗಳೆ. ಬೆಂಗಳೂರಿನ ಐ.ಐ.ಎಂ. ಕಟ್ಟಿದವರು. ನಮ್ಮ ಕಾಲೇಜಿನಲ್ಲಿ ಅವರ ಕೆಲಸವನ್ನು ಪಾಠವಾಗಿ ಓದಿದ್ದೇವೆ” ಎಂದನು ಶಿಷ್ಯ.

1962ರಲ್ಲಿ ರೂಪುಗೊಂಡ ಈ ಕಟ್ಟಡಕ್ಕಾಗಿ ದೋಶಿಯವರು ಮೊದಲು ಹಸ್ತಪ್ರತಿಗಳನ್ನು ಕಾಪಾಡುವ ಹಳೆಯ ಕ್ರಮವನ್ನು ಅಭ್ಯಾಸ ಮಾಡಿದರಂತೆ. ಜೈನ ಯತಿಗಳು ತಂಗುವ ಉಪಾಶ್ರಯಗಳನ್ನು ನೋಡಿಕೊಂಡು ಬಂದರಂತೆ. ಅನಂತರವೇ ರೇಖೆಯನ್ನೆಳೆದುದು. ಒಳಗೆ ವಾಸಿಸುವವರು ಯಾರು, ಅವರ ಶೀಲವೇನು, ಅವರಿಗೆ ಬೇಡವಾದುದೇನು ಎಂಬುದನ್ನು ಮೊದಲು ವಿಚಾರಿಸಿ, ಗೋಡೆಯ ಮಾತನ್ನು ಆಮೇಲೆ ಎತ್ತುವುದು. ಈ ವಿನಯ ನಮ್ಮನ್ನು ಹಿಡಿದು ನಿಲ್ಲಿಸಿತು. ಓಲೆಗರಿಗಳ ಕೆಲಸ ಮುಗಿದ ಮೇಲೆ ಎರಡು ದಿನ ಹೆಚ್ಚಾಗಿಯೇ ಉಳಿದು ಆ ಮಹನೀಯರ ಕಟ್ಟಡಗಳನ್ನು ನೋಡುವುದೆಂದು ನಿಶ್ಚಯಿಸಿದೆವು.

ಬಡಗಿಯ ಮನೆಯ ಹುಡುಗ

ಬಾಲಕೃಷ್ಣ ವಿಠ್ಠಲದಾಸ ದೋಶಿಯವರು ಜನಿಸಿದುದು 1927ರ ಆಗಸ್ಟ್ 26ರಂದು, ಪುಣೆಯಲ್ಲಿ. ಮನೆತನದ ಕಸುಬು ಮರದ ಪೀಠೋಪಕರಣಗಳನ್ನು ಮಾಡುವುದು. ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಮಗುವಿಗೆ ಅಜ್ಜನ ದೊಡ್ಡ ಮನೆಯೇ ತೊಟ್ಟಿಲಾಯಿತು. ಸಂಸಾರ ಹಿಗ್ಗಿದಂತೆ ಆ ಮನೆಯೂ ಹಿಗ್ಗುತ್ತಿತ್ತು. ಒಂದು ಕೋಣೆ, ಒಂದು ಮೆಟ್ಟಿಲು, ಒಂದು ಅಂತಸ್ತು ಎಂದು ಕೂಡಿಕೊಳ್ಳುತ್ತಿತ್ತು. ಮನೆಯೆಂಬುದು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ, ಕುಟುಂಬದೊಡನೆ ಬೆಳೆಯುವ ಜೀವವೆಂಬ ಅರಿವು ಅವರಿಗೆ ಪುಸ್ತಕದಿಂದ ಬಂದುದಲ್ಲ. ಬಾಲ್ಯದಲ್ಲಿ ಬೆಂಕಿಯ ಅವಘಡವೊಂದರಲ್ಲಿ ಕಾಲಿಗೆ ಪೆಟ್ಟಾಗಿ ಕುಂಟು ನಡಿಗೆ ಜೀವನವಿಡೀ ಉಳಿಯಿತು.

ದೇಶ ಸ್ವತಂತ್ರವಾದ 1947ರಲ್ಲಿಯೇ ಅವರು ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಯಾದರು. ಅಲ್ಲಿಂದ ಲಂಡನ್ನಿಗೆ ಹೋದರು. 1951ರಲ್ಲಿ ಪ್ಯಾರಿಸ್ಸಿಗೆ ಬಂದು, ಆಧುನಿಕ ವಾಸ್ತುಶಿಲ್ಪದ ಧುರೀಣನೆನಿಸಿದ್ದ ಲ ಕಾರ್ಬುಸಿಯೆ ಅವರ ಕಾರ್ಯಾಲಯವನ್ನು ಸೇರಿದರು. ತರುಣನಿಗೆ ಫ್ರೆಂಚ್ ಭಾಷೆ ಬಾರದು. ಗುರುವಿನ ಇಂಗ್ಲಿಷು ಅಷ್ಟಕ್ಕಷ್ಟೆ. ಮೊದಲ ಎಂಟು ತಿಂಗಳು ಸಂಬಳವೂ ಇಲ್ಲ. ಗುರುವು ಎಳೆಯುವ ಗೆರೆಗಳನ್ನು ನೋಡುತ್ತ ನೋಡುತ್ತ ಕಲಿತ ವಿದ್ಯೆಯದು. ಗುರುಕುಲವೆಂಬುದು ನಮ್ಮ ದೇಶದ ಸೊತ್ತು ಮಾತ್ರವೆಂದು ತಿಳಿದಿದ್ದ ನಮಗೆ, ಪ್ಯಾರಿಸ್ ಪಟ್ಟಣದ ನಡುವೆಯೂ ಒಂದು ಗುರುಕುಲವಿತ್ತೆಂಬುದು ಸೋಜಿಗದ ಸಂಗತಿಯಾಯಿತು.

ಆ ವೇಳೆಗೆ ಕಾರ್ಬುಸಿಯೆ ಅವರಿಗೆ ಚಂಡೀಗಢದ ನಿರ್ಮಾಣವಲ್ಲದೆ ಅಹಮದಾಬಾದಿನ ಕೆಲವು ಕಟ್ಟಡಗಳ ಹೊಣೆಯೂ ಬಂದಿತ್ತು. 1954ರಲ್ಲಿ ಭಾರತಕ್ಕೆ ಮರಳಿದ ದೋಶಿಯವರು ಆ ಕಟ್ಟಡಗಳ ಮೇಲ್ವಿಚಾರಣೆಯನ್ನು ಕೈಗೊಂಡರು. ಅದೇ ವರ್ಷ ಅವರು ತಮಗೆ ತಾವೇ ಒಂದು ಪ್ರತಿಜ್ಞೆಯನ್ನು ಮಾಡಿಕೊಂಡರು: ಅತ್ಯಂತ ಬಡವರಿಗೆ ತಕ್ಕ ವಸತಿಯನ್ನು ಒದಗಿಸುವ ಕೆಲಸವನ್ನು ಜೀವಮಾನವಿಡೀ ಮರೆಯಲಾಗದು. ಆಗ ಅವರಿಗೆ 27 ವರ್ಷ. ಅಂಥ ಪ್ರತಿಜ್ಞೆಗಳನ್ನು ಆ ವಯಸ್ಸಿನಲ್ಲಿ ಮಾಡುವವರು ಬಹಳ, ನಡೆಸಿದವರು ವಿರಳ.

ಅಹಮದಾಬಾದಿನ ಎರಡು ದಿನ

ಮರುದಿನ ಬೆಳಿಗ್ಗೆ ಸಾಬರಮತಿ ನದಿಯ ದಡದಲ್ಲಿರುವ ಗಿರಣಿ ಮಾಲೀಕರ ಸಂಘದ ಕಟ್ಟಡಕ್ಕೆ ಹೋದೆವು. ಇದು ಗುರುವಿನ ಕೃತಿ, ಶಿಷ್ಯನ ಮೇಲ್ವಿಚಾರಣೆ. ಬೀದಿಯಿಂದ ನೇರವಾಗಿ ಮೇಲಂತಸ್ತಿಗೆ ಏರುವ ಇಳಿಜಾರು ಹಾದಿ. ಪೂರ್ವ ಪಶ್ಚಿಮಗಳಲ್ಲಿ ಬಿಸಿಲನ್ನು ತಡೆದು ಗಾಳಿಯನ್ನು ಬಿಡುವ ಕಾಂಕ್ರೀಟಿನ ಅಡ್ಡಪಟ್ಟಿಗಳು. ಉಳಿದೆರಡು ಬದಿಗಳಲ್ಲಿ ಬಹುಮಟ್ಟಿಗೆ ಮುಚ್ಚಿದ ಗೋಡೆಗಳು. ಬರಿಯ ಸಿಮೆಂಟಿನ ಆ ಬಿಗುಪು ನಮ್ಮಂಥ ಹಳಬರಿಗೆ ಕೂಡಲೇ ಪ್ರಿಯವಾಗುವುದಿಲ್ಲ. ಆದರೂ ಸೂರ್ಯನ ಚಲನೆಯನ್ನು ತಿಳಿದು ಕಟ್ಟಿದ ಗೋಡೆ ಅದೆಂಬುದನ್ನು ಒಪ್ಪಲೇಬೇಕು.

ಮಧ್ಯಾಹ್ನ ಕಂಡುದು ದೋಶಿಯವರೇ 1962ರಲ್ಲಿ ಆರಂಭಿಸಿ ಹತ್ತು ವರ್ಷ ಮುನ್ನಡೆಸಿದ ವಾಸ್ತುಶಿಲ್ಪ ಶಾಲೆ. ಇಂದು ಅದು ಸೆಪ್ಟ್ ವಿಶ್ವವಿದ್ಯಾಲಯ. ಸಾಲಾಗಿ ನಿಂತ ಇಟ್ಟಿಗೆಯ ಗೋಡೆಗಳು, ಅವುಗಳ ನಡುವೆ ಎಲ್ಲೆಡೆಯಿಂದಲೂ ಗಾಳಿ ಬೆಳಕು ಹರಿಯುವ ತೆರಪುಗಳು, ಕೆಳಗೆ ನೆರಳಿನಲ್ಲಿ ಕುಳಿತುಕೊಳ್ಳಲು ಮೆಟ್ಟಿಲುಗಳು. ತರಗತಿ ಎಲ್ಲಿ ಮುಗಿಯಿತು, ಅಂಗಳ ಎಲ್ಲಿ ತೊಡಗಿತು ಎಂದು ಹೇಳುವುದು ಕಷ್ಟ. ಮೆಟ್ಟಿಲ ಮೇಲೆ ಹತ್ತು ಹನ್ನೆರಡು ಹುಡುಗ ಹುಡುಗಿಯರು ಒಬ್ಬ ಅಧ್ಯಾಪಕರ ಸುತ್ತ ಕುಳಿತು ವಾದ ಮಾಡುತ್ತಿದ್ದರು. ಯಾರೂ ಕೂಡಿಸದೆ ಕೂಡಿದ ಸಭೆಯದು. ಮಠದ ಕಟ್ಟೆಯ ಮೇಲೆ ಸಂಜೆಯ ಹೊತ್ತು ನಮ್ಮ ಗುರುಗಳ ಸುತ್ತ ಹೀಗೆಯೇ ಕುಳಿತು ವ್ಯಾಕರಣದ ಸೂತ್ರಗಳನ್ನು ಚರ್ಚಿಸುತ್ತಿದ್ದ ದಿನಗಳು ಕಣ್ಮುಂದೆ ಬಂದವು. ನಾವು ಕಲಿತುದರಲ್ಲಿ ಅರ್ಧ ತರಗತಿಯಲ್ಲಿ. ಉಳಿದರ್ಧ ಆ ಕಟ್ಟೆಯ ಮೇಲೆ.

ಇದೇ ಕಾಲದಲ್ಲಿ ಅಮೆರಿಕದ ಲೂಯಿ ಕಾನ್ ಎಂಬ ವಾಸ್ತುಶಿಲ್ಪಿ ಅಹಮದಾಬಾದಿನ ಐ.ಐ.ಎಂ. ಕಟ್ಟಡಗಳನ್ನು ರೂಪಿಸಲು ಬರುವಂತೆ ಮಾಡಿದವರೂ ದೋಶಿಯವರೇ. ಆ ದೊಡ್ಡ ಕೆಲಸ ತಮಗೇ ಇರಲೆಂದು ಆಶಿಸದೆ, ತಮಗಿಂತ ಹಿರಿಯನೊಬ್ಬನನ್ನು ದೂರದೇಶದಿಂದ ಕರೆಯಿಸಿ ತಾವು ಸಹಾಯಕರಾಗಿ ನಿಂತರು. ಕಾರ್ಬುಸಿಯೆ ತಮಗೆ ಗುರು, ಕಾನ್ ಯೋಗಿ ಎಂದು ಅವರು ಹೇಳಿಕೊಳ್ಳುತ್ತಿದ್ದರು.

ಎರಡನೆಯ ದಿನ ಮೊದಲೇ ಅನುಮತಿ ಪಡೆದು ‘ಸಂಗಾಥ’ಕ್ಕೆ ಹೋದೆವು. ಇದು ದೋಶಿಯವರ ಸ್ವಂತ ಕಾರ್ಯಾಲಯ; 1980ರ ಸುಮಾರಿನಲ್ಲಿ ಕಟ್ಟಿದುದು. ಕೂಡಿ ನಡೆಯುವುದು ಎಂಬುದು ಆ ಹೆಸರಿನ ಭಾವ. ಅರ್ಧ ಉರುಳೆಯಂತೆ ಬಾಗಿದ ಮಾಡುಗಳು. ಅವುಗಳ ಮೇಲೆ ಒಡೆದ ಬಿಳಿಯ ಪಿಂಗಾಣಿ ಚೂರುಗಳ ಹೊದಿಕೆ. ಬಿಸಿಲನ್ನು ಆ ಬಿಳುಪು ಹಿಂದಕ್ಕೆ ಎಸೆಯುತ್ತದೆ. ಕಟ್ಟಡದ ಬಹುಭಾಗ ನೆಲದೊಳಗಿರುವುದರಿಂದ ಮಣ್ಣಿನ ತಂಪು ಒಳಗೆ ನಿಲ್ಲುತ್ತದೆ. ಮಾಡಿನ ಮೇಲೆ ಬಿದ್ದ ಮಳೆನೀರು ಕಾಲುವೆಗಳಲ್ಲಿ ಇಳಿದು ಕೊಳವನ್ನು ಸೇರುತ್ತದೆ. ಜಗತ್ತಿಗೆ ಹೆಸರಾದವನ ಕಾರ್ಯಾಲಯಕ್ಕೆ ಎದುರಿನ ಮಹಾದ್ವಾರವಿಲ್ಲ. ತೋಟದ ಬದಿಯಿಂದ ಸುತ್ತಿ ಬಂದು, ಕೆಲವು ಮೆಟ್ಟಿಲಿಳಿದು ಒಳಹೋಗಬೇಕು.

ವಿದ್ಯಾಮಂದಿರದ ನೆರೆಯಲ್ಲಿಯೇ ‘ಅಮದಾವಾದ್ ನೀ ಗುಫಾ’ ಇದೆ. ಚಿತ್ರಕಾರ ಎಂ. ಎಫ್. ಹುಸೇನರ ಚಿತ್ರಗಳಿಗೆಂದು 1995ರಲ್ಲಿ ಮುಗಿದ ನೆಲದಡಿಯ ಗವಿಯದು. ತಂತಿಬಲೆಗೆ ಸಿಮೆಂಟು ಮೆತ್ತಿದ ತೆಳುವಾದ ಗುಮ್ಮಟಗಳು, ಮರದ ಬೊಡ್ಡೆಗಳಂತೆ ಓರೆಯಾಗಿ ನಿಂತ ಕಂಬಗಳು. ಮಕ್ಕಳಿಗೆ ಬಹಳ ಮೆಚ್ಚಿಗೆಯಾಗುವ ಸ್ಥಳ. ನಮ್ಮ ಮನಸ್ಸಾದರೋ ಬೇರೆಡೆಗೆ ಎಳೆಯುತ್ತಿತ್ತು.

ಆ ಬೇರೆಡೆಯೆಂದರೆ ಬೀಮಾ ನಗರ. ಜೀವವಿಮಾ ನಿಗಮಕ್ಕಾಗಿ 1973ರಿಂದ ಕಟ್ಟಿದ ಸಾಮಾನ್ಯ ಜನರ ಮನೆಗಳು. ಲೋಕರೂಢಿಯಲ್ಲಿ ಒಂದರ ಮೇಲೊಂದು ಒಂದೇ ಅಳತೆಯ ಮನೆಗಳನ್ನು ಪೇರಿಸುತ್ತಾರೆ. ಇಲ್ಲಿ ಹಾಗಿಲ್ಲ, ಕೆಳಗೆ ದೊಡ್ಡ ಮನೆ, ಅದರ ಮೇಲೆ ಅದಕ್ಕಿಂತ ಕಿರಿದು, ತುದಿಯಲ್ಲಿ ಎಲ್ಲಕ್ಕಿಂತ ಕಿರಿದು. ಹಾಗಾಗಿ ಮೇಲಿನವರಿಗೆ ತಮ್ಮದೇ ಆದ ಬಯಲು ಮಹಡಿ ಉಳಿಯುತ್ತದೆ. ಸಂಸಾರ ಬೆಳೆದಾಗ ಅದನ್ನೇ ಕೋಣೆಯಾಗಿಸಬಹುದು. ಅಲ್ಲಿಯವರು ಹಾಗೆಯೇ ಮಾಡಿದ್ದಾರೆ. ಒಬ್ಬರು ಗೋಡೆಯೆಬ್ಬಿಸಿದ್ದಾರೆ, ಒಬ್ಬರು ಜಾಲರಿ ಹಾಕಿದ್ದಾರೆ, ಇನ್ನೊಬ್ಬರು ತುಳಸಿಯ ಕುಂಡಗಳನ್ನು ಸಾಲಾಗಿಟ್ಟಿದ್ದಾರೆ. ಮೂಲದ ರೂಪ ಎಲ್ಲಿದೆಯೆಂದು ಹುಡುಕಬೇಕು. “ಬೇರೆ ಶಿಲ್ಪಿಯಾಗಿದ್ದರೆ ತನ್ನ ಕೃತಿಯನ್ನು ಕೆಡಿಸಿದರೆಂದು ಕೋಪಿಸಿಕೊಳ್ಳುತ್ತಿದ್ದರು, ಗುರುಗಳೆ, ದೋಶಿಯವರು ಇದನ್ನು ಕಂಡು ಸಂತೋಷಪಡುತ್ತಿದ್ದರಂತೆ” ಎಂದನು ಶಿಷ್ಯ.

ನಮ್ಮದೊಂದು ತಪ್ಪು

ಅಂದು ರಾತ್ರಿ ತಂಗಿದ್ದ ಧರ್ಮಶಾಲೆಯಲ್ಲಿ ನಕ್ಷೆಯನ್ನು ಹೊರತೆಗೆದು ಶಿಷ್ಯನ ಮುಂದೆ ಹರಡಿದೆವು. ನಾಲ್ಕು ಅಂತಸ್ತು; ನಡುವೆ ಕತ್ತಲೆಯ ಓಣಿ; ಎರಡೂ ಬದಿಗೆ ಒಂದೇ ಅಳತೆಯ ಕೋಣೆಗಳು; ಮುಂಭಾಗಕ್ಕೆ ನೀಲಿಗಾಜು; ಬಾಗಿಲಲ್ಲಿ ಅಮೃತಶಿಲೆಯ ಮೇಲೆ ದಾನಿಗಳ ಹೆಸರು. ಶಿಷ್ಯನು ಬಹಳ ಹೊತ್ತು ನೋಡಿ, “ಹುಡುಗರು ಕುಳಿತುಕೊಳ್ಳುವುದು ಎಲ್ಲಿ?” ಎಂದು ಒಂದೇ ಮಾತು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ.

ಓದುಗರ ಮುಂದೆ ಒಂದು ಸಂಗತಿಯನ್ನು ಮರೆಮಾಚದೆ ಹೇಳಬೇಕು. ಹದಿನೈದು ವರ್ಷಗಳ ಹಿಂದೆ ನಿಲಯದ ಹಳೆಯ ಕಟ್ಟಡವನ್ನು ಕೆಡವಿದಾಗಲೂ ನಾವೇ ಸಮಿತಿಯಲ್ಲಿದ್ದೆವು. ಅದಕ್ಕೊಂದು ಉದ್ದನೆಯ ಜಗಲಿಯಿತ್ತು. ಮೂರು ತಲೆಮಾರಿನ ಹುಡುಗರ ಬೆನ್ನು ಒರಗಿ ಒರಗಿ ಅದರ ಕಂಬಗಳು ನುಣುಪಾಗಿದ್ದವು. ಹೊಸಬನಾಗಿ ಬಂದು ತಾಯಿಯನ್ನು ನೆನೆದು ಅಳುತ್ತಿದ್ದ ಹುಡುಗನನ್ನು ಹಿರಿಯ ಹುಡುಗರು ಸಮಾಧಾನಪಡಿಸುತ್ತಿದ್ದುದು ಅಲ್ಲಿ. ಹಾಗೆ ಅತ್ತವರಲ್ಲಿ ನಾವೂ ಒಬ್ಬರು. ಅದನ್ನು ವ್ಯರ್ಥ ಸ್ಥಳವೆಂದು ಲೆಕ್ಕ ಹಾಕಿ ತೆಗೆಸಿದವರು ನಾವೇ. ಹದಿನಾರು ಹಾಸಿಗೆಗಳು ಹೆಚ್ಚಾದವೆಂದು ವಾರ್ಷಿಕ ವರದಿಯಲ್ಲಿ ಬರೆದವರೂ ನಾವೇ. ಆ ಕಟ್ಟಡದಲ್ಲಿ ಈಗ ಸಂಜೆಯಾದರೆ ಪ್ರತಿಯೊಂದು ಬಾಗಿಲೂ ಮುಚ್ಚಿರುತ್ತದೆ. ಹುಡುಗರು ಒಬ್ಬೊಬ್ಬರಾಗಿ ಕೈಯೊಳಗಿನ ಮೊಬೈಲನ್ನು ನೋಡುತ್ತ ಕುಳಿತಿರುತ್ತಾರೆ. ಇದಕ್ಕೆ ಕಾಲವನ್ನು ದೂರುತ್ತಿದ್ದೆವು. ಗೋಡೆಯದೂ ಸ್ವಲ್ಪ ಪಾಲಿದೆಯೆಂದು, ಆ ಗೋಡೆಯಲ್ಲಿ ನಮ್ಮ ಪಾಲಿದೆಯೆಂದು ಅಂದು ರಾತ್ರಿ ಹೊಳೆಯಿತು.

ಇಂದೂರಿನ ಅರಣ್ಯ

ಮರಳುವ ದಾರಿಯನ್ನು ಬದಲಿಸಿ, ರಾತ್ರಿಯ ಬಸ್ಸಿನಲ್ಲಿ ಸುಮಾರು 400 ಕಿಲೋಮೀಟರ್ ದೂರದ ಇಂದೂರಿಗೆ ಹೊರಟೆವು. ಅಲ್ಲಿರುವ ‘ಅರಣ್ಯ’ವೆಂಬ ಬಡಾವಣೆಯೇ ದೋಶಿಯವರ ಪ್ರತಿಜ್ಞೆಯ ಫಲವೆಂದು ಶಿಷ್ಯನು ಒತ್ತಾಯ ಮಾಡಿದ್ದನು.

1980ರ ದಶಕದಲ್ಲಿ ಇಂದೂರಿನ ಅಭಿವೃದ್ಧಿ ಪ್ರಾಧಿಕಾರಕ್ಕಾಗಿ ಯೋಜಿಸಿದ ಊರಿದು. ಆರು ವಿಭಾಗಗಳು, 6,500 ನಿವೇಶನಗಳು. ಅತಿ ಚಿಕ್ಕ ನಿವೇಶನ 35 ಚದರ ಮೀಟರ್, ಅತಿ ದೊಡ್ಡದು 475 ಚದರ ಮೀಟರ್. ನೂರಕ್ಕೆ ಅರುವತ್ತೈದರಷ್ಟು ನಿವೇಶನಗಳು ಅತಿ ಬಡವರಿಗೆ. ಹೆದ್ದಾರಿಯ ಅಂಚಿನ ದೊಡ್ಡ ನಿವೇಶನಗಳನ್ನು ಉಳ್ಳವರಿಗೆ ಹೆಚ್ಚಿನ ಬೆಲೆಗೆ ಮಾರಿ, ಆ ಲಾಭದಿಂದ ಬಡವರ ನಿವೇಶನದ ಬೆಲೆಯನ್ನು ತಗ್ಗಿಸುವುದು ಅದರ ಆರ್ಥಿಕ ಸೂತ್ರ. ಬಡವನಿಗೆ ಕೊಟ್ಟುದು ಪೂರ್ಣ ಮನೆಯನ್ನಲ್ಲ. ಒಂದು ಅಡಿಪಾಯ, ಶೌಚಾಲಯ ಮತ್ತು ಬಚ್ಚಲು, ನೀರು ಹಾಗೂ ವಿದ್ಯುತ್ತಿನ ಸಂಪರ್ಕ, ಒಂದು ಕೋಣೆ. ಉಳಿದುದನ್ನು ಅವನೇ, ತನ್ನ ಕೈಯಲ್ಲಿ ಹಣ ಬಂದಂತೆ, ತನಗೆ ಬೇಕಾದಂತೆ ಕಟ್ಟಿಕೊಳ್ಳಬೇಕು. ದಾರಿ ತೋರಿಸಲೆಂದು ಮಾದರಿಗಾಗಿ 80 ಮನೆಗಳನ್ನು ಮಾತ್ರ ದೋಶಿಯವರ ಸಂಸ್ಥೆ ಕಟ್ಟಿಕೊಟ್ಟಿತು.

ಮೊದಲು ಕೇಳಿದಾಗ ಇದು ಅರೆಕೊರೆಯ ದಾನವೆಂದೇ ನಮಗೆ ತೋರಿತು. ಬೀದಿಗಳಲ್ಲಿ ನಡೆದಾಗ ಅಭಿಪ್ರಾಯ ಬದಲಾಯಿತು. ಒಂದು ಮನೆಯಂತೆ ಇನ್ನೊಂದಿಲ್ಲ. ಹೊರಮೆಟ್ಟಿಲೊಂದು ಹಸಿರು, ಇನ್ನೊಂದು ಕೇಸರಿ. ಒಂದು ಅಂತಸ್ತಿದ್ದುದು ಮೂರಾಗಿದೆ; ಮಾದರಿಯ ಮನೆಗಳೂ ಗುರುತು ಸಿಕ್ಕದಷ್ಟು ಬದಲಾಗಿವೆ. ಮನೆಯ ಮುಂದೆ ಬೀದಿಗೆ ಚಾಚಿದ ಜಗಲಿ. ಅದನ್ನು ಆ ಕಡೆಯವರು ಓಟಲೋ ಎನ್ನುತ್ತಾರೆ. ಯೋಜನೆಯಲ್ಲಿಯೇ ದೋಶಿಯವರು ಅದಕ್ಕೆ ಸ್ಥಳವಿರಿಸಿದ್ದರು. ಗುಡಿಸಲುಗಳಲ್ಲಿ ಬಾಳುವವರ ಬದುಕು ಒಳಗಿಗಿಂತ ಹೊಸ್ತಿಲ ಹೊರಗೇ ಹೆಚ್ಚು ನಡೆಯುತ್ತದೆಂಬುದನ್ನು ಅವರ ಸಂಸ್ಥೆ ಮೊದಲೇ ಅಭ್ಯಾಸ ಮಾಡಿ ತಿಳಿದಿತ್ತು.

ಅಂಥ ಒಂದು ಜಗಲಿಯ ಮೇಲೆ ಕಾಳು ಆರಿಸುತ್ತ ಕುಳಿತಿದ್ದ ಮುದುಕಿಯೊಬ್ಬಳು ನಮ್ಮನ್ನು ಕಂಡು, ಯಾರು ಬೇಕೆಂದು ಕೇಳಿದಳು. ಮನೆ ನೋಡಲು ಬಂದೆವೆಂದು ಶಿಷ್ಯನು ಹಿಂದಿಯಲ್ಲಿ ಹೇಳಿದನು. ಮಹಡಿಯ ಕಡೆಗೆ ಕೈ ತೋರಿಸಿ, “ಕೆಳಗಿನದು ನನ್ನ ಗಂಡನದು, ಅದರ ಮೇಲಿನದು ಮಗನದು, ತುದಿಯದನ್ನು ಮೊಮ್ಮಗ ಕಟ್ಟುತ್ತಾನೆ” ಎಂದಳು. ಶಿಲ್ಪಿಯ ಹೆಸರು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಕಾಣಲಿಲ್ಲ. ಸಹಿಯಿಲ್ಲದ ಗ್ರಂಥಗಳನ್ನು ಎಷ್ಟೋ ಸಂಪಾದಿಸಿದ ನಮಗೆ, ಕರ್ತೃವಿನ ಹೆಸರು ಅಳಿದು ಕೃತಿ ಉಳಿಯುವುದರ ಗೌರವವೇನೆಂಬುದು ಅಲ್ಲಿ ಇನ್ನೊಮ್ಮೆ ಮನದಟ್ಟಾಯಿತು. ‘ಅರಣ್ಯ’ಕ್ಕೆ 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಿತು.

ನಮ್ಮ ನಾಡಿನ ಕಲ್ಲು

ಊರಿಗೆ ಮರಳುವ ಮೊದಲು ಬೆಂಗಳೂರಿನಲ್ಲಿ ಇಳಿದು, ಬನ್ನೇರುಘಟ್ಟ ರಸ್ತೆಯ ಐ.ಐ.ಎಂ. ಆವರಣವನ್ನೂ ನೋಡಿದೆವು. 1977ರಿಂದ ಹಂತಹಂತವಾಗಿ ಕಟ್ಟಿದ ಈ ಆವರಣಕ್ಕೆ ಫತೇಪುರ ಸಿಕ್ರಿಯ ಅಂಗಳಗಳೂ ಮಧುರೆಯ ದೇವಾಲಯವೂ ಸ್ಫೂರ್ತಿಯೆಂದು ದೋಶಿಯವರು ಹೇಳಿದ್ದಾರೆ. ಗೋಡೆಗಳಿಗೆ ಬಳಸಿದುದು ನಮ್ಮ ನೆಲದ ಬೂದು ಬಣ್ಣದ ಒರಟು ಕಗ್ಗಲ್ಲು. ಎತ್ತರವಾದ ನಡೆಮಾಡಗಳು, ಕೆಲವೆಡೆ ಮೇಲೆ ಮಾಡು, ಕೆಲವೆಡೆ ಬರಿಯ ತೊಲೆಗಳು, ಕೆಲವೆಡೆ ತೆರೆದ ಆಕಾಶ. ತೊಲೆಗಳ ಮೇಲೆ ಬಳ್ಳಿ ಹಬ್ಬಿದೆ. ನೆಲದ ಮೇಲೆ ನೆರಳು ಗಂಟೆಗಂಟೆಗೂ ಸರಿಯುತ್ತದೆ. ಅಹಮದಾಬಾದಿನಲ್ಲಿ ಬಿಸಿಲಿಗಂಜಿ ನೆಲದೊಳಗೆ ಇಳಿದ ಅದೇ ಶಿಲ್ಪಿ, ಬೆಂಗಳೂರಿನ ಹಿತವಾದ ಹವೆಯಲ್ಲಿ ಮಾಡನ್ನೇ ತೆರೆದುಬಿಟ್ಟಿದ್ದಾರೆ. ಒಂದೇ ನಕ್ಷೆಯನ್ನು ಎಲ್ಲ ಊರುಗಳ ಮೇಲೂ ಹೊರಿಸುವವರಿಗೆ ಇದು ಪಾಠ. ಆ ನಡೆಮಾಡಗಳ ಪಕ್ಕದ ಕಲ್ಲಿನ ಕಟ್ಟೆಗಳ ಮೇಲೆ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಮೂವರಾಗಿ ಕುಳಿತಿದ್ದರು. ಶಿಷ್ಯನು ನಮ್ಮ ಮುಖವನ್ನು ನೋಡಿದನು, ಏನನ್ನೂ ಹೇಳಲಿಲ್ಲ.

2018ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ವಾಸ್ತುಶಿಲ್ಪ ಕ್ಷೇತ್ರದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ದೋಶಿಯವರಿಗೆ ಬಂದಿತು. ಅದನ್ನು ಪಡೆದ ಮೊದಲ ಭಾರತೀಯರು ಅವರು. 2022ರಲ್ಲಿ ಬ್ರಿಟನ್ನಿನ ರಾಜಮನ್ನಣೆಯ ಚಿನ್ನದ ಪದಕವೂ ದೊರೆಯಿತು. 2023ರ ಜನವರಿ 24ರಂದು ಅಹಮದಾಬಾದಿನಲ್ಲಿ, 95ನೆಯ ವಯಸ್ಸಿನಲ್ಲಿ ಅವರು ಕಾಲವಾದರು. ಭಾರತ ಸರ್ಕಾರ ಆ ವರ್ಷ ಪದ್ಮವಿಭೂಷಣವನ್ನು ಮರಣೋತ್ತರವಾಗಿ ಅರ್ಪಿಸಿತು.

ಇಷ್ಟು ಕಂಡು ಬಂದ ಮೇಲೆ ಆ ನಕ್ಷೆಗೆ ಸಹಿ ಹಾಕುವುದು ನಮ್ಮಿಂದಾಗಲಿಲ್ಲ. ಸಮಿತಿಯ ಸಭೆಯಲ್ಲಿ ಕಾರಣವನ್ನು ಹೇಳಿದೆವು. ಹಳೆಯ ಜಗಲಿಯನ್ನು ತೆಗೆಸಿದ ದೋಷ ನಮ್ಮದೆಂಬುದನ್ನೂ ಹೇಳಿದೆವು. “ಒಂದು ಜಗಲಿಗೆ ಎಷ್ಟು ಹಾಸಿಗೆ ಕಡಿಮೆಯಾಗುತ್ತದೆ, ಲೆಕ್ಕ ಹಾಕಿದ್ದೀರಾ?” ಎಂದು ಹಿರಿಯರೊಬ್ಬರು ಕೇಳಿದರು. ಅವರ ಪ್ರಶ್ನೆ ನ್ಯಾಯವಾದುದೆ. ಒಂದು ಹಾಸಿಗೆ ಕಡಿಮೆಯಾದರೆ ಬಡವನ ಮಗನೊಬ್ಬನಿಗೆ ಬಾಗಿಲು ಮುಚ್ಚಿದಂತೆ. ಎರಡು ಸಭೆಗಳ ಚರ್ಚೆಯಾಯಿತು. ಕೊನೆಗೆ ನೀಲಿಗಾಜಿನ ಖರ್ಚನ್ನು ಬಿಟ್ಟು, ಕಚೇರಿಯ ಒಂದು ಕೋಣೆಯನ್ನು ತ್ಯಜಿಸಿ, ಪೂರ್ವದ ಬದಿಗೆ ಎಂಟು ಅಡಿ ಅಗಲದ ಜಗಲಿಯೊಂದನ್ನು ಸೇರಿಸಲು ಒಪ್ಪಿಗೆಯಾಯಿತು. ಹಾಸಿಗೆ ಒಂದೂ ಕಡಿಮೆಯಾಗಲಿಲ್ಲ. ಅಮೃತಶಿಲೆಯ ಫಲಕ ಮಾತ್ರ ಉಳಿಯಿತು. ಎಲ್ಲವನ್ನೂ ಒಮ್ಮೆಗೇ ಗೆಲ್ಲಲಾಗದು.

ಹುಡುಗರು ಅಲ್ಲಿ ಬಂದು ಕೂರುವರೋ ಇಲ್ಲವೋ, ಅದು ಅವರಿಗೆ ಬಿಟ್ಟುದು. ಸ್ಥಳವನ್ನಿರಿಸುವುದಷ್ಟೇ ಕಟ್ಟುವವನ ಕೆಲಸ. ಅದನ್ನು ತುಂಬುವುದು ಬಾಳುವವರ ಕೆಲಸ. ಹೊಸ ಮನೆಯನ್ನು ಕಟ್ಟಿಸಲು ಹೊರಟಿರುವ ನಮ್ಮ ಬಂಧುಗಳು ನಕ್ಷೆಯನ್ನು ಒಪ್ಪುವ ಮುನ್ನ ಒಮ್ಮೆ ಮನೆಮಂದಿಯೊಡನೆ ಕುಳಿತು ವಿಚಾರಿಸಲಿ: ಮನೆಯ ಹಿರಿಯರು ಸಂಜೆ ಎಲ್ಲಿ ಕೂರುವರು? ದಾರಿಹೋಕನು ಎಲ್ಲಿ ಅರೆಗಳಿಗೆ ದಣಿವಾರಿಸಿಕೊಳ್ಳುವನು? ಮುಂದೆ ಬರುವ ಸೊಸೆ, ಮೊಮ್ಮಕ್ಕಳು ತಮ್ಮದೊಂದು ಕೋಣೆಯನ್ನು ಎಲ್ಲಿ ಕೂಡಿಸಿಕೊಳ್ಳುವರು? ಈ ಮೂರಕ್ಕೆ ಉತ್ತರವಿರುವ ಮನೆ, ಅಳತೆಯಲ್ಲಿ ಎಷ್ಟೇ ಕಿರಿದಾಗಿರಲಿ, ದೊಡ್ಡ ಮನೆಯೇ ಸರಿ.